ಗಾಜಿನೊಳಗಿನ ಬಿಸಿಲು

ಛತ್ರಿ ಅಂಗಡಿಯ ಮನೆಯಲ್ಲಿ ಬಿಸಿಲನ್ನು ಬೈಯುವವರು ಯಾರೂ ಇರಲಿಲ್ಲ, ಅಜ್ಜಿಯೊಬ್ಬಳನ್ನು ಬಿಟ್ಟರೆ. ಮಳೆಗಾಲದಲ್ಲಿ ಜನ ಹರಕು ಛತ್ರಿಯನ್ನೇ ರಿಪೇರಿ ಮಾಡಿಸಿಕೊಂಡು ಕಾಲ ತಳ್ಳುತ್ತಾರೆ, ಬೇಸಿಗೆಯಲ್ಲಿ ಮಾತ್ರ ಹೊಸದು ಕೊಳ್ಳುತ್ತಾರೆ ಎನ್ನುವುದು ಅಂಗಡಿಯವನ ಅನುಭವ. ಅವನ ತಾಯಿ ಆ ಬಿಸಿಲಿನ ಅನ್ನವನ್ನೇ ಉಂಡು ಮುದುಕಿಯಾದವಳು. ಆದರೂ ಕಿರಿಯ ಮೊಮ್ಮಗಳು ಹುಟ್ಟಿದ ದಿನದಿಂದ ಬಿಸಿಲೆಂದರೆ ಅವಳಿಗೆ ಆಗುತ್ತಿರಲಿಲ್ಲ.

ಮೊಮ್ಮಕ್ಕಳು ಇಬ್ಬರು. ದೊಡ್ಡವಳು ತಾಯಿಯ ಬಣ್ಣ, ಸ್ವಲ್ಪ ಬಿಸಿಲಿಗೆ ಹೋದರೂ ಮೂಗು ಕೆಂಪಾಗಿ ಸಿಪ್ಪೆ ಏಳುತ್ತಿತ್ತು. ಚಿಕ್ಕವಳು ಅಜ್ಜಿಯ ಬಣ್ಣ, ಅಚ್ಚ ಕಪ್ಪು. ಹುಟ್ಟಿದಾಗ ತೆಳ್ಳಗೆ ಉದ್ದಕ್ಕೆ ಇದ್ದಳೆಂದು ಅಪ್ಪ ಅವಳನ್ನು "ಕಡ್ಡಿ" ಎಂದು ಕರೆದ. ಆಮೇಲೆ ಗಲ್ಲ ತುಂಬಿಕೊಂಡರೂ ಛತ್ರಿಯ ಕಡ್ಡಿಯ ಹೆಸರೇ ನಿಂತುಬಿಟ್ಟಿತು. ಹೆರಿಗೆಯ ದಿನ ಮಗುವನ್ನು ಕೈಗೆ ತೆಗೆದುಕೊಂಡ ಅಜ್ಜಿ, "ಅಯ್ಯೋ, ನನ್ನನ್ನೇ ಹೆತ್ತು ಕೊಟ್ಯಲ್ಲೇ" ಅಂದಳು. ಸೊಸೆ ಅದನ್ನು ಸಂತೋಷದ ಮಾತೆಂದುಕೊಂಡಳು. ಪಾಪ, ಅವಳಿಗೇನು ಗೊತ್ತು.

ಅಜ್ಜಿ ಈ ಮನೆಗೆ ಸೊಸೆಯಾಗಿ ಬಂದಾಗ ಛತ್ರಿಯ ಬಟ್ಟೆಗೆ ಮನೆಯಲ್ಲೇ ಬಣ್ಣ ಹಾಕಿ ತಾರಸಿಯ ಮೇಲೆ ಹರವುತ್ತಿದ್ದರು. ಹರವುವುದು, ಮಗುಚುವುದು, ಗಾಳಿಗೆ ಹಾರದಂತೆ ಕಾಯುವುದು, ಎಲ್ಲ ನಡುಹಗಲಿನ ಕೆಲಸ. ಓರಗಿತ್ತಿ ಬೆಳ್ಳಗಿದ್ದಳು, ಆದ್ದರಿಂದ ಅವಳಿಗೆ ಅಡುಗೆಮನೆ. "ನೀನು ಹೋಗೇ ಮೇಲಕ್ಕೆ. ನಿನಗೇನು, ನೀನು ಮೊದಲೇ ಕಪ್ಪು" ಎಂದು ಅತ್ತೆ ಇವಳನ್ನು ಅಟ್ಟುತ್ತಿದ್ದಳು. ಗಂಡ ಕಿವಿಯಲ್ಲಿ ಹತ್ತಿ ಇಟ್ಟುಕೊಂಡವನ ಹಾಗೆ ಕೂತು ಛತ್ರಿಯ ಕಡ್ಡಿ ಬಗ್ಗಿಸುತ್ತಿದ್ದ. ಈಗ ಅತ್ತೆಯೂ ಇಲ್ಲ, ಗಂಡನೂ ಇಲ್ಲ, ಬಣ್ಣ ಹಾಕುವ ಕೆಲಸವೂ ಇಲ್ಲ. ಆ ಮಾತನ್ನು ಮಾತ್ರ ಅಜ್ಜಿ ಮರೆತಿರಲಿಲ್ಲ. ಕಡ್ಡಿಗೆ ಅನ್ನ ತಿನ್ನಿಸುವಾಗ ಮೂಗು ಹಿಂಡಿಕೊಂಡು ಅತ್ತೆಯ ದನಿಯಲ್ಲೇ ಅದನ್ನು ಹೇಳಿ ತೋರಿಸುತ್ತಿದ್ದಳು. ಮಗು ಕಿಲಕಿಲ ನಕ್ಕು ತಾನೂ ಮೂಗು ಹಿಂಡಿಕೊಂಡು ಹೇಳುತ್ತಿತ್ತು, ಅಷ್ಟರಲ್ಲಿ ಒಂದು ತುತ್ತು ಒಳಗೆ ಹೋಗುತ್ತಿತ್ತು.

ಮಗುವನ್ನು ನೋಡಿಕೊಳ್ಳುವ ಹೊಣೆ ಪೂರ್ತಿ ಅಜ್ಜಿಯದು. ಸೊಸೆ ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಸ್ತ್ರಿಯ ಕೆಲಸಕ್ಕಿದ್ದಳು. ಬೆಳಕು ಹರಿಯುವ ಮೊದಲು ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವಳು. ಅಜ್ಜಿ ಹಿಂದಿನ ಕೋಣೆಯ ಕಿಟಕಿಗೆ ಛತ್ರಿಯ ಹಳೆ ಬಟ್ಟೆ ಹೊಲಿದು ಹಾಕಿದಳು. ಮಗು ಆಡುವುದೆಲ್ಲ ಅಲ್ಲೇ. ಹೊರಗೆ ಹೋಗಲೇಬೇಕಾದರೆ ಉದ್ದ ತೋಳು, ಪಾದ ಮುಚ್ಚುವ ಪೈಜಾಮ, ಮೇಲೊಂದು ದೊಡ್ಡ ಕಪ್ಪು ಛತ್ರಿ. ಓಣಿಯವರು ನಗುತ್ತಿದ್ದರು. ನಗಲಿ, ಅವರ ಗಂಟೇನು ಹೋಗುತ್ತದೆ ಎಂದು ಅಜ್ಜಿ ಮೂಗು ಮುರಿಯುತ್ತಿದ್ದಳು.

ಆ ವರ್ಷ ಕಡ್ಡಿಯನ್ನು ಶಾಲೆಗೆ ಸೇರಿಸಬೇಕಿತ್ತು. ರಜೆಯ ದಿನ ಸೊಸೆ ಅವಳಿಗೆ ಸ್ನಾನ ಮಾಡಿಸಿ, ಅಕ್ಕನ ಹಳೆಯ ಸಮವಸ್ತ್ರದ ಲಂಗ ತೊಡಿಸಿ, ಗೋಡೆಗೆ ಒರಗಿಸಿ ನಿಲ್ಲಿಸಿ ನೋಡಿದಳು. ಎರಡೂ ಪಾದ ಒಂದಕ್ಕೊಂದು ತಾಗಿವೆ. ಮೊಣಕಾಲುಗಳ ನಡುವೆ ಮಾತ್ರ ಅವಳ ಮುಷ್ಟಿ ಆ ಕಡೆಯಿಂದ ಈ ಕಡೆಗೆ ಸಲೀಸಾಗಿ ತೂರಿತು.

"ಅತ್ತೆ, ಇವಳ ಕಾಲ್ಯಾಕೆ ಹೀಗಿದೆ?"

"ಹೇಗಿದೆ? ಮಕ್ಕಳ ಕಾಲು ಹಾಗೇ ಇರೋದು. ಬೆಳೀತಾ ಬೆಳೀತಾ ಸರಿ ಹೋಗುತ್ತೆ."

"ಇನ್ನು ಯಾವಾಗ ಬೆಳೆಯೋದು? ದೊಡ್ಡವಳದ್ದು ಈ ವಯಸ್ಸಿಗೆ ಹೀಗಿರ್ಲಿಲ್ಲ."

"ಮೆಟ್ಟಿಲು ಹತ್ತಿದ್ರೆ ನೋವಾಗುತ್ತೆ ಅಮ್ಮ," ಅಂದಳು ಕಡ್ಡಿ. ಆಮೇಲೆ ಇಕ್ಕಳ ಹಿಡಿದು ಕೂತಿದ್ದ ಅಪ್ಪನ ಹತ್ತಿರ ಹೋಗಿ ಕಾಲು ಚಾಚಿದಳು. "ಅಪ್ಪಾ, ಛತ್ರಿಗೆ ಮಾಡ್ತೀಯಲ್ಲ, ಹಾಗೆ ನೆಟ್ಟಗೆ ಮಾಡು."

ಅಪ್ಪ ನಗಲು ಹೋದ, ಆಗಲಿಲ್ಲ.

ಮಕ್ಕಳ ಡಾಕ್ಟರ ಹತ್ತಿರ ಹೋದವರು ಸೊಸೆ ಮತ್ತು ಕಡ್ಡಿ ಇಬ್ಬರೇ. ಅಂಗಡಿ ಬಿಟ್ಟು ಬರುವುದಕ್ಕಾಗುವುದಿಲ್ಲ ಎಂದು ಗಂಡ, ಆಸ್ಪತ್ರೆಯ ವಾಸನೆಗೆ ತಲೆ ಸುತ್ತುತ್ತದೆ ಎಂದು ಅತ್ತೆ. ಸಂಜೆ ಊಟಕ್ಕೆ ಕೂತಾಗ ಸೊಸೆ ಬಾಯಿ ಬಿಟ್ಟಳು. ತಟ್ಟೆಯಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆ. ಅವಳು ಎರಡನ್ನೂ ಮುಟ್ಟಿರಲಿಲ್ಲ.

"ಎಲುಬು ಮೆತ್ತಗಾಗಿದೆಯಂತೆ. ಬಿಸಿಲು ಕಾಣದೆ."

"ಬಿಸಿಲಿಗೂ ಎಲುಬಿಗೂ ಎಲ್ಲಿಯ ಸಂಬಂಧ?" ಅಂದಳು ಅಜ್ಜಿ.

"ಬಿಸಿಲು ಬಿದ್ರೆ ಚರ್ಮದೊಳಗೆ ಒಂದು ವಿಟಮಿನ್ನು ಆಗುತ್ತಂತೆ. ಅದಿಲ್ಲದೆ ತಿಂದದ್ದು ಎಲುಬಿಗೆ ಹತ್ತಲ್ವಂತೆ. ಕಪ್ಪು ಚರ್ಮಕ್ಕೆ ಇನ್ನೂ ಜಾಸ್ತಿ ಬಿಸಿಲು ಬೇಕಂತೆ. ದೊಡ್ಡವಳು ಹೀಗೆ ಹೋಗಿ ಹಾಗೆ ಬಂದ್ರೂ ಸಾಕು, ಇವಳಿಗೆ ಅದರ ನಾಲ್ಕೈದು ಪಟ್ಟು ಬೇಕು. ಕಪ್ಪು ಅಂದ್ರೆ ಮಗು ಹುಟ್ಟುವಾಗಲೇ ಒಂದು ಛತ್ರಿ ಹಿಡ್ಕೊಂಡು ಬಂದ ಹಾಗೆ ಅಂದ್ರು ಡಾಕ್ಟ್ರು. ಅದರ ಮೇಲೆ ನೀವು ಇನ್ನೊಂದು ಹಿಡಿದ್ರಿ."

"ನಾನು ಹುಟ್ಟಿದಾಗಿನಿಂದ ಕಪ್ಪೇ. ನನ್ನ ಕಾಲು ಸೊಟ್ಟಗಿದೆಯಾ?"

"ನಿಮ್ಮನ್ನ ತಾರಸಿ ಮೇಲೆ ನಿಲ್ಲಿಸಿ ಒಣಗಿಸಿದ್ರಲ್ಲ ಅತ್ತೆ. ಅದಕ್ಕೇ ನೆಟ್ಟಗಿದೆ."

ತಾನು ನಂಬಿ ಹೇಳಿಕೊಂಡಿದ್ದ ಕಷ್ಟವನ್ನು ಸೊಸೆ ಹೀಗೆ ತಿರುಗಿಸಿ ಹೊಡೆಯುತ್ತಾಳೆಂದು ಅಜ್ಜಿ ಕನಸಿನಲ್ಲೂ ಎಣಿಸಿರಲಿಲ್ಲ.

"ಊಟ ಮಾಡೋಕಾದ್ರೂ ಬಿಡ್ತೀರಾ ಇಬ್ಬರೂ?" ಅಂದ ಮಗ. "ಆದದ್ದು ಆಯ್ತು. ಈಗ ಏನು ಮಾಡ್ಬೇಕಂತೆ?"

"ದಿನಾ ಬಿಸಿಲು ತೋರಿಸ್ಬೇಕು. ದಿನಾ ಈ ಹನಿ ಹಾಕ್ಬೇಕು." ಸೊಸೆ ಸಣ್ಣ ಬಾಟಲಿ ತೆಗೆದಿಟ್ಟಳು. ಪೆಟ್ಟಿಗೆಯ ಮೇಲೆ ನಗುವ ಸೂರ್ಯನ ಚಿತ್ರವಿತ್ತು. "ಈಗಲಾದ್ರೆ ಬೆಳೀತಾ ನೆಟ್ಟಗಾಗುತ್ತೆ. ಬಿಟ್ರೆ ಆಮೇಲೆ ಎಲುಬು ಕತ್ತರಿಸಿ ಕಬ್ಬಿಣ ಕೂರಿಸಬೇಕಂತೆ. ಶಾಲೆಗೆ ಮುಂದಿನ ವರ್ಷ ನೋಡೋಣ ಅಂದ್ರು."

"ಕಬ್ಬಿಣ" ಎಂದ ಕೂಡಲೇ ಎಲ್ಲರೂ ಕಡ್ಡಿಯ ಕಡೆ ನೋಡಿದರು. ಅವಳು ಮೊಟ್ಟೆಯ ಹಳದಿಯನ್ನು ಬೇರೆ ಮಾಡಿ ಅಕ್ಕನ ತಟ್ಟೆಗೆ ದಾಟಿಸುತ್ತಿದ್ದಳು.

"ಅಮ್ಮ ನೋಡ್ಕೋತಾಳೆ ಬಿಡು," ಅಂದ ಅಂಗಡಿಯವನು. ಅಲ್ಲಿಗೆ ಅವನು ಕೈ ತೊಳೆದುಕೊಂಡ.

ಮಾರನೆಯ ಬೆಳಿಗ್ಗೆ ಅಜ್ಜಿ ಮನಸ್ಸು ಗಟ್ಟಿ ಮಾಡಿಕೊಂಡು ಮಗುವನ್ನು ಛತ್ರಿಯಿಲ್ಲದೆ ಬೀದಿಗೆ ಕರೆತಂದಳು. ಎದುರಿನ ಟೈಲರನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಏನಜ್ಜೀ, ಇವತ್ತು ಛತ್ರಿ ಇಲ್ಲ? ಇದ್ದ ಚೂರು ಬಣ್ಣಾನೂ ಕಳೀತೀರಾ ಹೇಗೆ?" ಎಂದು ಹಲ್ಲು ಕಿರಿದಳು. ಅಜ್ಜಿ ಬಂದ ದಾರಿಯಲ್ಲೇ ಮಗುವನ್ನು ಒಳಗೆ ಎಳೆದುಕೊಂಡಳು. ಇಲ್ಲ, ಇದು ತನ್ನಿಂದ ಆಗುವ ಕೆಲಸವಲ್ಲ.

ಆಗ ಅವಳ ಕಣ್ಣು ಅಂಗಡಿಯ ಮುಂದಿನ ಗಾಜಿನ ಮೇಲೆ ಬಿತ್ತು. ಮೂಡಣಕ್ಕೆ ಮುಖ ಮಾಡಿದ ಅಂಗಡಿ, ಎದುರಿಗೆ ಆಳೆತ್ತರದ ಗಾಜು, ಒಳಗೆ ಮಾರಾಟದ ಛತ್ರಿಗಳನ್ನು ಬಿಚ್ಚಿ ತೂಗುಹಾಕುವ ಕಟ್ಟೆ. ಅಲ್ಲಿಟ್ಟ ಛತ್ರಿ ಬೇಸಿಗೆ ಕಳೆಯುವಷ್ಟರಲ್ಲಿ ಒಂದು ಮಗ್ಗುಲು ಬಣ್ಣಗೆಟ್ಟು ಕಂದಾಗುತ್ತದೆ, ಅರ್ಧ ಬೆಲೆಗೆ ಮಾರಬೇಕಾಗುತ್ತದೆ. ಜೀವಮಾನವಿಡೀ ಆ ನಷ್ಟಕ್ಕೆ ಗೊಣಗಿದವಳು ಅವಳು. ಬಟ್ಟೆಯ ಬಣ್ಣ ತಿನ್ನುವಷ್ಟು ಬಿಸಿಲು ಗಾಜಿನೊಳಗೆ ಬರುತ್ತದೆ ಎಂದ ಮೇಲೆ ಎಲುಬಿಗೆ ಸಾಲದೇ? ಗಾಳಿಯಿಲ್ಲ, ಧೂಳಿಲ್ಲ, ಹೊರಗಿನ ಉರಿಯಿಲ್ಲ, ಟೈಲರನ ಹೆಂಡತಿಯ ಬಾಯಿಯಿಲ್ಲ. ಕಾಯಿಲೆ ಇರುವುದು ಕಾಲಿಗೆ, ಮುಖಕ್ಕಂತೂ ಅಲ್ಲ. ಅಜ್ಜಿ ಕಟ್ಟೆಯ ಮೇಲೆ ಸ್ಟೂಲಿಟ್ಟು ಮಗುವನ್ನು ಕೂರಿಸಿದಳು, ಪೈಜಾಮ ತೆಗೆದು ಕಾಲೆರಡನ್ನೂ ಬಿಸಿಲಿಗೆ ಚಾಚಿಸಿದಳು, ಮುಖದ ಮೇಲೆ ಬಿಸಿಲು ಬೀಳದಂತೆ ಒಂದು ಸಣ್ಣ ಕೆಂಪು ಛತ್ರಿ ಹಿಡಿಸಿದಳು.

ಮಧ್ಯಾಹ್ನದೊಳಗೆ ಗಾಜಿನ ಮುಂದೆ ಜನ ನಿಂತರು. ಹೊಳೆಯುವ ಕಪ್ಪು ಮಗು, ಕೆಂಪು ಛತ್ರಿ, ಕೈ ಬೀಸಿದರೆ ಕೈ ಬೀಸುತ್ತದೆ. ಗೊಂಬೆಯೋ ಮಗುವೋ ಎಂದು ನೋಡಲು ಬಂದವರಲ್ಲಿ ಕೆಲವರು ಒಳಗೂ ಬಂದರು. ಒಳಗೆ ಬಂದವರು ಬರಿಗೈಯಲ್ಲಿ ಹೋಗಲು ಅಂಗಡಿಯವನು ಬಿಡುವವನಲ್ಲ. ವಾರದೊಳಗೆ ಸಣ್ಣ ಛತ್ರಿಗಳೆಲ್ಲ ಖಾಲಿಯಾದವು. ಅವನು ಮಗಳಿಗೆ ಕೆಂಪು ಬಣ್ಣದ ಗಿಡ್ಡ ಫ್ರಾಕು ತಂದ.

"ಕೂತ್ಕೋ ಬಂಗಾರ, ಇನ್ನೊಂದು ಸ್ವಲ್ಪ ಹೊತ್ತು. ಡಾಕ್ಟ್ರು ಹೇಳಿದ್ದಾರಲ್ಲ."

"ಕಾಲು ಜೋಮು ಹಿಡೀತು ಅಪ್ಪ."

"ಅಲ್ಲಿ ನೋಡು, ಆ ಆಂಟಿ ನಿನ್ನನ್ನೇ ನೋಡ್ತಿದ್ದಾರೆ. ಟಾಟಾ ಮಾಡು."

ರಜೆಯ ದಿನ ಸೊಸೆ ಇದನ್ನು ಕಂಡು ಹುಬ್ಬು ಗಂಟಿಕ್ಕಿದಳು. "ಬಾಗಿಲ ಹೊರಗೆ ಕೂರಿಸಬಾರ್ದೇನ್ರೀ?"

"ರಸ್ತೇಲಿ ಗಾಡಿ ಧೂಳು. ಇಲ್ಲೇ ಬೀಳುತ್ತಲ್ಲ ಬಿಸಿಲು, ಕೈ ಇಟ್ಟು ನೋಡು ಬೇಕಾದ್ರೆ."

ಅವಳು ಮಗುವಿನ ಮೊಣಕಾಲ ಮೇಲೆ ಕೈಯಿಟ್ಟಳು. ಬೆಚ್ಚಗಿತ್ತು. ವಾರವಿಡೀ ಇಸ್ತ್ರಿ ಪೆಟ್ಟಿಗೆ ಎಳೆದು ಸೋತ ತೋಳು ಅವಳದು, ಜಗಳಕ್ಕೂ ತ್ರಾಣ ಬೇಕಲ್ಲ. "ಹನಿ ಹಾಕ್ತಿದ್ದೀರಾ ಅತ್ತೆ?" ಎಂದಷ್ಟೇ ಕೇಳಿದಳು.

"ಹಾಕದೆ ಬಿಡ್ತೀನಾ?" ಅಂದಳು ಅಜ್ಜಿ. ಆಗ ಅದು ನಿಜವೇ ಆಗಿತ್ತು.

ಕೆಲವು ವಾರಗಳಲ್ಲಿ ಮಗುವಿನ ಕಾಲು ಇನ್ನೂ ಕಪ್ಪಾಯಿತು. ಸ್ನಾನದ ನೀರು ಹೊಯ್ಯುವಾಗ ಅಜ್ಜಿಗೆ ಕಂಡಿತು, ಫ್ರಾಕಿನ ಅಂಚಿನಿಂದ ಮೇಲೊಂದು ಬಣ್ಣ, ಕೆಳಗೊಂದು ಬಣ್ಣ. ಛತ್ರಿ ಹಿಡಿದ ಕೈಯೂ ಹಾಗೇ. ಗಾಜು ಬಿಸಿಲಿನ ಉರಿಯನ್ನು ತೆಗೆದುಬಿಡುತ್ತದೆ ಎಂದು ನಂಬಿಕೊಂಡಿದ್ದಳಲ್ಲ. ಹಾಗಾದರೆ ಈ ಕಪ್ಪು ಎಲ್ಲಿಂದ ಬಂತು?

ಅದಕ್ಕೆ ಉತ್ತರ ಸಿಕ್ಕಿದ್ದು ಔಷಧಿ ಅಂಗಡಿಯಲ್ಲಿ. ಹನಿ ಮುಗಿದು ಹೊಸ ಬಾಟಲಿ ತರಲು ಹೋಗಿದ್ದಳು.

"ಈ ಪೆಟ್ಟಿಗೆ ಮೇಲೆ ಸೂರ್ಯ ಯಾಕಪ್ಪಾ ಇದ್ದಾನೆ?"

ಅಂಗಡಿಯ ಹುಡುಗಾಟದ ಆಸಾಮಿ ನಕ್ಕ. "ಇದು ಬಾಟಲೀಲಿ ತುಂಬಿಟ್ಟ ಬಿಸಿಲು ಅಜ್ಜಿ. ಹೊರಗೆ ಹೋಗದವರಿಗೆ ನಾವು ಮನೆಗೇ ಕಳಿಸ್ತೀವಿ."

ಅವನು ತಮಾಷೆಗೆ ಹೇಳಿದ, ಅಜ್ಜಿ ನಿಜ ಮಾಡಿಕೊಂಡಳು. ಹೊರಗಿನಿಂದ ಒಂದು ಬಿಸಿಲು, ಒಳಗಿನಿಂದ ಇನ್ನೊಂದು. ಎರಡೂ ಕಡೆಯಿಂದ ಬೇಯಿಸಿದರೆ ಮಗು ಕಪ್ಪಾಗದೆ ಇನ್ನೇನಾಗುತ್ತದೆ? ಯಾವುದಾದರೂ ಒಂದು ಸಾಕು. ಗಾಜಿನಿಂದ ಮಗುವನ್ನು ಇಳಿಸೋಣವೆಂದರೆ ಮಗ ಒಪ್ಪುವುದಿಲ್ಲ, ವ್ಯಾಪಾರ ಕುದುರಿದೆ. ಉಳಿದದ್ದು ಹನಿ. ಮರುದಿನದಿಂದ ಅಜ್ಜಿ ಹನಿಯನ್ನು ಸಿಂಕಿಗೆ ಬಿಟ್ಟು, ಮಗುವಿನ ನಾಲಗೆಗೆ ಚಿಟಿಕೆ ಸಕ್ಕರೆ ಹಾಕತೊಡಗಿದಳು. ಬಾಟಲಿ ದಿನದಿನಕ್ಕೆ ಇಳಿಯುತ್ತಿದ್ದುದರಿಂದ ಸೊಸೆಗೆ ಅನುಮಾನ ಬರಲಿಲ್ಲ. ತಪ್ಪು ಮಾಡುತ್ತಿದ್ದೇನೆಂದು ಅಜ್ಜಿಗೂ ಅನ್ನಿಸಲಿಲ್ಲ. ಮೊಮ್ಮಗಳ ಮುಂದಿನ ಬದುಕನ್ನು ಕಾಯುವವಳು ಈ ಮನೆಯಲ್ಲಿ ತಾನೊಬ್ಬಳೇ ಎಂದೇ ಅವಳು ತಿಳಿದಿದ್ದಳು.

ಈ ನಡುವೆ ದೊಡ್ಡವಳ ಶಾಲೆಯಲ್ಲಿ ಓಟದ ಸ್ಪರ್ಧೆ ನಡೆಯಿತು. ಇಡೀ ದಿನ ಮೈದಾನದಲ್ಲಿ ಕುಣಿದು ಬಂದವಳ ಮುಖ, ಕತ್ತು, ತೋಳು ಕೆಂಡದ ಹಾಗಿದ್ದವು. ಮುಟ್ಟಿದರೆ ಚೀರುತ್ತಾಳೆ. ಸೊಸೆ ಒದ್ದೆ ಬಟ್ಟೆ ಹಾಸಿದಳು, ಅಪ್ಪ ಮುಲಾಮು ತರಲು ಓಡಿದ, ಮನೆಯೆಲ್ಲ ಅವಳ ಸುತ್ತಲೇ ತಿರುಗಿತು. ಕಡ್ಡಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ನೋಡಿದ್ಯಾ?" ಅಂದಳು ಅಜ್ಜಿ ಅವಳ ಕಿವಿಯಲ್ಲಿ. "ಹೊರಗಿನ ಬಿಸಿಲು ಅಂದ್ರೆ ಹೀಗೆ. ಅಕ್ಕ ಬೆಳ್ಳಗಿದ್ದಾಳೆ, ಸಿಪ್ಪೆ ಎದ್ದು ಮತ್ತೆ ಬೆಳ್ಳಗಾಗ್ತಾಳೆ. ನೀನು ಹೋದ್ರೆ ಕಪ್ಪಾಗಿ ಹಾಗೇ ಉಳೀತೀಯ. ಯಾರೂ ಹತ್ತಿರ ಸೇರಿಸಲ್ಲ."

"ನಾನು ಹೋಗಲ್ಲ ಅಜ್ಜಿ."

ಸಿಪ್ಪೆ ಏಳುವವರೆಗೆ ದೊಡ್ಡವಳು ಶಾಲೆಗೆ ಹೋಗಲಿಲ್ಲ. ಬೇಸರವಾಗಿ ತಂಗಿಯ ಜೊತೆ ತಾನೂ ಗಾಜಿನ ಕಟ್ಟೆಯ ಮೇಲೆ ದಿನವಿಡೀ ಕೂತಳು. "ಇಲ್ಲಿ ಚೂರೂ ಉರಿಯಲ್ಲ, ಕೆಂಪೂ ಆಗಲ್ಲ," ಎಂದು ಹೊಗಳಿದಳು. ಅಜ್ಜಿಗೆ ತನ್ನ ಜಾಣತನದ ಮೇಲೆ ಹೆಮ್ಮೆಯಾಯಿತು.

ಮತ್ತೆ ಡಾಕ್ಟರ ಹತ್ತಿರ ಹೋಗುವ ದಿನ ಬಂತು. ಈ ಸಲ ಅಂಗಡಿ ಮುಚ್ಚಿ ಎಲ್ಲರೂ ಹೊರಟರು. ಒಳ್ಳೆಯ ಸುದ್ದಿ ಸಿಗುತ್ತದೆಂಬ ಭರವಸೆ. ಡಾಕ್ಟರಮ್ಮ ಹಳೆಯ ಎಕ್ಸ್‌ರೇ, ಹೊಸ ಎಕ್ಸ್‌ರೇ ಎರಡನ್ನೂ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಹನಿ ಕೊಡ್ತಿದ್ದೀರಾ?"

"ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ," ಅಂದಳು ಸೊಸೆ.

"ಬಿಸಿಲು?"

"ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ," ಅಂದ ಅಂಗಡಿಯವನು.

"ಹಾಗಿದ್ರೆ ಇಷ್ಟು ಹೊತ್ತಿಗೆ ಗುಣ ಕಾಣಬೇಕಿತ್ತು. ಬದಲಿಗೆ ಎಡಗಾಲು ಇನ್ನೂ ಬಾಗಿದೆ." ಡಾಕ್ಟರಮ್ಮ ಪೆನ್ನು ತೆಗೆದರು. "ಹನಿಗೂ ಬಗ್ಗದ ಒಂದು ಬೇರೆ ಕಾಯಿಲೆ ಇದೆ, ವಂಶದಲ್ಲಿ ಬರೋದು. ದೊಡ್ಡಾಸ್ಪತ್ರೆಗೆ ಬರೆದು ಕೊಡ್ತೀನಿ. ಅಡ್ಮಿಟ್ ಮಾಡ್ಕೋತಾರೆ, ರಕ್ತ ಪದೇ ಪದೇ ತೆಗೀಬೇಕಾಗುತ್ತೆ."

ಸೊಸೆ ತಿರುಗಿ ಅತ್ತೆಯ ಮುಖ ನೋಡಿದಳು. ವಂಶ ಎಂದರೆ ಯಾರ ವಂಶ ಎನ್ನುವುದನ್ನು ಅವಳು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅಜ್ಜಿಗೆ ಸಿಂಕಿಗೆ ಬಿಟ್ಟ ಹನಿ ನೆನಪಾಯಿತು. ಹೇಳಿಬಿಡಲೇ? ಹೇಳಿದರೆ ಈ ಮನೆಯಲ್ಲಿ ತನಗೆ ಮುಖವಿರುವುದಿಲ್ಲ. ಹೇಳದಿದ್ದರೆ ಆ ಸಣ್ಣ ತೋಳಿಗೆ ಸೂಜಿಯ ಮೇಲೆ ಸೂಜಿ. ಚುಚ್ಚಿ ನೋಡಲಿ, ಏನೂ ಸಿಗುವುದಿಲ್ಲ, ಮನೆಗೆ ಬಂದ ಮೇಲೆ ತಾನೇ ಗುಟ್ಟಾಗಿ ಹನಿ ಹಾಕಿ ಸರಿಮಾಡುತ್ತೇನೆ ಎಂದು ಅವಳ ಮನಸ್ಸು ಓಡಿತು. ಮೊಮ್ಮಗಳಿಗಾಗಿ ಪ್ರಾಣ ಕೊಡಲೂ ಸಿದ್ಧವಿದ್ದವಳು ಒಂದು ಮಾತು ಆಡಲಾರದೆ ಕೂತಳು.

ಡಾಕ್ಟರಮ್ಮ ಬರೆಯುತ್ತಲೇ ಮಗುವನ್ನು ಮಾತನಾಡಿಸಿದರು. "ಹನಿ ಹೇಗಿರುತ್ತೆ ಪುಟ್ಟಾ? ಸಿಹಿಯಾಗಿರುತ್ತಾ?"

"ಗೊತ್ತಿಲ್ಲ," ಅಂದಳು ಕಡ್ಡಿ. "ಅದನ್ನ ಸಿಂಕು ಕುಡಿಯುತ್ತೆ. ನಂಗೆ ಅಜ್ಜಿ ಸಕ್ಕರೆ ಕೊಡ್ತಾಳೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಅಜ್ಜಿ, ಮಗು ಹೇಳ್ತಿರೋದು ನಿಜಾನಾ?"

"ಬಿಸಿಲು ಬೀಳ್ತಿತ್ತಲ್ಲ ತಾಯಿ," ಅಂದಳು ಅಜ್ಜಿ. "ಅಂಗಡಿ ಗಾಜಿನೊಳಗೆ, ಛತ್ರಿ ಬಣ್ಣ ಕಳೆಯೋ ಜಾಗದಲ್ಲೇ ದಿನಾ ಬೀಳ್ತಿತ್ತು. ಎರಡೆರಡು ಬಿಸಿಲು ಯಾಕೆ ಅಂತ..."

"ಗಾಜಿನೊಳಗಾ?" ಡಾಕ್ಟರಮ್ಮ ಹಣೆ ಹಿಸುಕಿಕೊಂಡರು. "ನಿಮ್ಮ ದೊಡ್ಡ ಮೊಮ್ಮಗಳು ಅಲ್ಲಿ ಕೂತರೆ ಮೈ ಕೆಂಪಾಗುತ್ತಾ?"

"ಇಲ್ಲ," ಅಂದಳು ದೊಡ್ಡವಳೇ ಹಿಂದಿನಿಂದ. "ಮೈದಾನದಲ್ಲಿ ಮಾತ್ರ."

"ಹ್ಞಾ. ಯಾವ ಕಿರಣ ಇವಳನ್ನ ಕೆಂಪು ಮಾಡುತ್ತೋ ಅದೇ ಎಲುಬಿಗೆ ಬೇಕಾದ್ದು. ಗಾಜು ಅದನ್ನೇ ತಡೆದುಬಿಡುತ್ತೆ. ಕಪ್ಪು ಮಾಡೋ ಇನ್ನೊಂದು ಕಿರಣಾನ ಮಾತ್ರ ಒಳಗೆ ಬಿಡುತ್ತೆ. ನಿಮ್ಮ ಛತ್ರಿ ಬಣ್ಣ ಕಳೆಯೋದೂ ಅಂಥದ್ದರಿಂದಲೇ." ಆಮೇಲೆ ಅವರು ಅಜ್ಜಿಯ ಕಡೆ ತಿರುಗಿ ಸ್ವಲ್ಪ ಮೆಲ್ಲಗೆ ಹೇಳಿದರು. "ಬಿಸಿಲಿಗೆ ಕಳಿಸೋಕೆ ಮನಸ್ಸಿಲ್ಲ ಅಂದಿದ್ರೆ ಕಳಿಸ್ಬೇಡಿ ಅಂತಿದ್ದೆ ಅಜ್ಜಿ. ಹನಿ ಒಂದೇ ಸಾಕಿತ್ತು. ಅದರಿಂದ ಯಾರೂ ಕಪ್ಪಾಗಲ್ಲ."

ಬಲಗಾಲು ಹನಿಯಿಂದಲೇ ನೆಟ್ಟಗಾಗಬಹುದು, ಎಡಗಾಲಿಗೆ ಕಬ್ಬಿಣ ತಪ್ಪುವುದು ಕಷ್ಟ ಎಂದು ಹೇಳಿ ಕಳಿಸಿದರು. ದಾರಿಯುದ್ದಕ್ಕೂ ಕಡ್ಡಿ ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿದ್ದಳು.

ಮನೆಗೆ ಬಂದ ಮೇಲೆ ಮಗ ಬಾಯಿ ತೆರೆದ. "ಯಾಕಮ್ಮಾ ಹೀಗೆ ಮಾಡ್ದೆ?"

"ನೀನು ನಿಮ್ಮಪ್ಪನ ಬಣ್ಣ. ನಿನಗೆ ಹೇಗೆ ಗೊತ್ತಾಗುತ್ತೆ ಕಪ್ಪು ಹೆಣ್ಣಿನ ಪಾಡು."

"ಅದಕ್ಕೆ ಮಗೂನ ಕುಂಟಿ ಮಾಡಿದ್ಯಾ?"

"ನನ್ನೊಬ್ಬಳನ್ನೇ ಅನ್ನಬೇಡ. ಗಾಜಿನಲ್ಲಿ ಕೂರಿಸಿದ್ದು ನಾನು. ಇಳಿಸದೆ ಇರಿಸ್ಕೊಂಡದ್ದು ಯಾರು? ಕೆಂಪು ಫ್ರಾಕು ತಂದವರು ಯಾರು? ಕಾಲು ಜೋಮು ಹಿಡೀತು ಅಂದಾಗ ಟಾಟಾ ಮಾಡು ಅಂದವರು ಯಾರು?"

ಅಂಗಡಿಯವನು ತನ್ನ ಅಪ್ಪನ ಹಾಗೆಯೇ ಎದ್ದು ಹೋಗಿ ಇಕ್ಕಳ ಹಿಡಿದು ಕೂತ. ಸೊಸೆ ಇಬ್ಬರಿಗೂ ಒಂದು ಮಾತನ್ನೂ ಆಡಲಿಲ್ಲ. ಬಾಟಲಿಯನ್ನು ಮೇಲಿನ ಕಪಾಟಿನಲ್ಲಿಟ್ಟು ಬೀಗ ಹಾಕಿ ಬೀಗದಕೈಯನ್ನು ತನ್ನ ಹತ್ತಿರವೇ ಇಟ್ಟುಕೊಂಡಳು. ಲಾಂಡ್ರಿಗೆ ಹೋಗಿ ಕೆಲಸ ಬಿಟ್ಟು ಬಂದಳು. ಹಿಂದಿನ ಕೋಣೆಯ ಕಿಟಕಿಗೆ ಅಜ್ಜಿ ಹೊಲಿದಿದ್ದ ಕಪ್ಪು ಬಟ್ಟೆಯನ್ನು ಹರಿದೆಸೆದು ಅದರಲ್ಲೇ ಒಲೆಯ ಕಟ್ಟೆ ಒರೆಸಿದಳು.

ಅಂದಿನಿಂದ ಅಜ್ಜಿಯ ತಟ್ಟೆ ಹೊತ್ತುಹೊತ್ತಿಗೆ ಅವಳ ಮಂಚದ ಬಳಿ ಬರುತ್ತಿತ್ತು. ಉಪ್ಪು ಸಾಲದಿದ್ದರೂ ಕೇಳಲು ಬಾಯಿ ಬರುತ್ತಿರಲಿಲ್ಲ. ಕ್ರಮೇಣ ಅವಳು ಛತ್ರಿಗೆ ಬಟ್ಟೆ ಹೊಲಿಯುವುದಕ್ಕಷ್ಟೇ ಅಂಗಡಿಗೆ ಹೋಗತೊಡಗಿದಳು. ಖಾಲಿ ಬಿದ್ದ ಗಾಜಿನ ಕಟ್ಟೆಗೆ ಮಗ ಎಲ್ಲಿಂದಲೋ ಒಂದು ದೊಡ್ಡ ಗೊಂಬೆ ತಂದು ಕೂರಿಸಿದ್ದ. ಕೆಂಪು ಫ್ರಾಕು ಅದಕ್ಕೇ ಹಾಕಿದ್ದ. ಗೊಂಬೆ ಹಾಲಿನ ಹಾಗೆ ಬೆಳ್ಳಗಿತ್ತು, ವ್ಯಾಪಾರವೂ ಪರವಾಗಿರಲಿಲ್ಲ.

ಸೊಸೆಯ ಲೆಕ್ಕಾಚಾರ ತಪ್ಪಿದ್ದು ಒಂದೇ ಕಡೆ. ಬಿಸಿಲಿಗೆ ಕರೆದುಕೊಂಡು ಹೋದರೆ ಮಗು ಬರುತ್ತದೆ ಎಂದುಕೊಂಡಿದ್ದಳು. ಹಿತ್ತಲಿನ ಹೊಸ್ತಿಲ ತನಕ ಬಂದ ಕಡ್ಡಿ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿಯುತ್ತಿದ್ದಳು. ಎತ್ತಿಕೊಂಡು ಹೋದರೆ ಕಿರುಚಿ ಮೈಯೆಲ್ಲ ಬಿಲ್ಲು ಮಾಡುತ್ತಿದ್ದಳು. ಹನಿ ಹಾಕಿಸಿಕೊಳ್ಳಲೂ ಬಾಯಿ ಬಿಗಿಹಿಡಿಯುತ್ತಿದ್ದಳು, ಮೂಗು ಹಿಡಿದು ಹಾಕಬೇಕು. ಹೀಗೆ ದಿನಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಸೊಸೆ ಅತ್ತೆಯ ಮಂಚದ ಮುಂದೆ ಬಂದು ನಿಂತಳು. ಅಷ್ಟು ದಿನಗಳಲ್ಲಿ ಅವಳು ಆಡಿದ ಮೊದಲ ಮಾತು ಅದು.

"ಇವಳ ತಲೇಲಿ ಹೆದರಿಕೆ ತುಂಬಿದವರು ನೀವು. ನೀವೇ ಬಂದು ತೆಗೀರಿ."

ಅಜ್ಜಿಗೆ ಕಣ್ಣು ತುಂಬಿಬಂತು. ಕರೆದರಲ್ಲ, ಅಷ್ಟೇ ಸಾಕಾಗಿತ್ತು ಅವಳಿಗೆ. ಎದ್ದು ಹಿತ್ತಲಿಗೆ ಹೋದಳು. ಒಗೆಯುವ ಕಲ್ಲಿನ ಪಕ್ಕ ಬಿಸಿಲು ಚೆನ್ನಾಗಿ ಬಿದ್ದಿತ್ತು. ಅಲ್ಲಿ ನೆಲದ ಮೇಲೆ ಕೂತು, ತೋಳು ಮೇಲಕ್ಕೆ ಸರಿಸಿ, ಕಾಲು ಚಾಚಿದಳು. ಇಷ್ಟು ವರ್ಷಗಳ ಮೇಲೆ ಬಿಸಿಲಿಗೆ ತಾನಾಗಿ ಮೈಯೊಡ್ಡಿದ್ದಳು.

"ಬಾ ನನ್ನ ಬಂಗಾರ," ಎಂದು ಕರೆದಳು. "ಏನೂ ಆಗಲ್ಲ. ಅಜ್ಜಿ ನಿಂಗೆ ತಪ್ಪು ಹೇಳಿದ್ಲು. ನೋಡು, ನಾನೇ ಕೂತಿಲ್ವಾ? ನಂಗೇನಾದ್ರೂ ಆಯ್ತಾ?"

ಹೊಸ್ತಿಲ ಒಳಗೆ ನಿಂತ ಕಡ್ಡಿ ಅಜ್ಜಿಯನ್ನು ಮೇಲಿಂದ ಕೆಳಗೆ ನೋಡಿದಳು. ತೋಳು ನೋಡಿದಳು, ಕಾಲು ನೋಡಿದಳು. ಈ ಸಲ ಮೂಗು ಹಿಂಡಿಕೊಳ್ಳಲಿಲ್ಲ, ನಗಲೂ ಇಲ್ಲ.

"ನಿನಗೇನು ಅಜ್ಜಿ," ಅಂದಳು. "ನೀನು ಮೊದಲೇ ಕಪ್ಪು."

ಸೊಸೆ ಮಗಳನ್ನು ಹಿಂದಿನಿಂದ ಬಾಚಿ ಎತ್ತಿ ತಂದು ಅಜ್ಜಿಯ ಪಕ್ಕ ಬಿಸಿಲಿನಲ್ಲಿ ಇಳಿಸಿದಳು. ಕಡ್ಡಿ ಚೀರಿದಳು. ಬಾಗಿಲ ಕಡೆ ಓಡೋಣವೆಂದರೆ ತಾಯಿ ಅಡ್ಡವಿದ್ದಳು, ಓಡುವ ಕಾಲೂ ಅವಳದಾಗಿರಲಿಲ್ಲ. ಸೊಟ್ಟ ಕಾಲು ಎಳೆಯುತ್ತ ತೆವಳಿ, ಮಧ್ಯಾಹ್ನದ ಓರೆ ಬಿಸಿಲಿಗೆ ಅಜ್ಜಿಯ ಹಿಂದೆ ಬಿದ್ದಿದ್ದ ನೆರಳಿನೊಳಗೆ ಮುದುಡಿಕೊಂಡಳು. ಅಜ್ಜಿ ಪಕ್ಕಕ್ಕೆ ಸರಿದಳು. ಮಗು ನೆರಳಿನ ಜೊತೆಗೇ ಸರಿಯಿತು. ಅಜ್ಜಿ ಇನ್ನೊಂದು ಮಗ್ಗುಲಿಗೆ ಹೊರಳಿದಳು. ಮಗು ಅವಳ ಬೆನ್ನಿಗೆ ಹಣೆಯೊತ್ತಿ, ಬಟ್ಟೆ ಹಿಡಿದು ಬಿಕ್ಕುತ್ತ ಅಲ್ಲಿಗೂ ಬಂತು.

"ಏಳಿ ಅತ್ತೆ," ಅಂದಳು ಸೊಸೆ. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನಿಮ್ಮ ನೆರಳು ಅವಳ ಮೇಲೆ ಬೀಳ್ತಿದೆ. ನೀವು ಒಳಗೆ ಹೋಗಿ."

ಅಜ್ಜಿ ಬೆನ್ನಿನ ಬಟ್ಟೆಯನ್ನು ಹಿಡಿದಿದ್ದ ಆ ಸಣ್ಣ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಒಗೆಯುವ ಕಲ್ಲಿಗೆ ಕೈ ಊರಿ ಎದ್ದಳು. ಹಿಂದಿನಿಂದ "ಅಜ್ಜೀ" ಎಂದು ಮಗು ಕೂಗುತ್ತಿದ್ದಾಗ ಅವಳು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು.